ಓಪ್ಯಾಕ್‌ನ ಸೊನ್ನೆ ಫಲಿತಾಂಶಗಳನ್ನು ಓದಿ ಲೈಬ್ರರಿ ಸರಿಮಾಡಿದ್ದು: ನನ್ನ ಅನುಭವ

“ನಮ್ಮ ಹುಡುಗರು ಓಪ್ಯಾಕ್ ಮುಟ್ಟೋದೇ ಇಲ್ಲ, ಎಲ್ಲಾ ಗೂಗಲ್ಲೇ. ಅದರ ಲಾಗ್ ಕೂತು ಓದಿ ಏನ್ ಮಾಡ್ತೀರಿ?” ಎಂದು ನಕ್ಕಿದ್ದ ಗ್ರಂಥಪಾಲಕ ಮಿತ್ರರೇ ಈಗ “ಆ ಲಾಗ್ ಸೋಸುವ ಸ್ಕ್ರಿಪ್ಟ್ ಕಳಿಸಿ ಸಾರ್” ಅನ್ನುತ್ತಿದ್ದಾರೆ. ಓಪ್ಯಾಕ್ ಅಂದರೆ ಲೈಬ್ರರಿಯ ಪುಸ್ತಕಗಳನ್ನು ಆನ್‌ಲೈನಿನಲ್ಲಿ ಹುಡುಕುವ ಕ್ಯಾಟಲಾಗ್, ಅಲ್ಲಿ ಹುಡುಕಿದ್ದನ್ನೆಲ್ಲ ಸರ್ವರ್ ಬರೆದಿಡುವ ಕಡತವೇ ಲಾಗ್. ಅದನ್ನು ಓದಿ, ಏನೂ ಸಿಗದ ಹುಡುಕಾಟಗಳನ್ನು ಕಡಿಮೆ ಮಾಡಿದ್ದು ಹೇಗೆ ಎಂದು ಒಬ್ಬೊಬ್ಬರಿಗೂ ಬೇರೆಬೇರೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಎಲ್ಲವನ್ನೂ ಅಂದರೆ, ಬಹುಪಾಲು.

ನಮ್ಮದು ಅನುದಾನಿತ ಪದವಿ ಕಾಲೇಜು. ಪುಸ್ತಕ ಮೂವತ್ತು ಸಾವಿರದ ಮೇಲಿವೆ, ಅರ್ಧಕ್ಕಿಂತ ಹೆಚ್ಚು ಕನ್ನಡದವು. ಲೈಬ್ರರಿ ಸಾಫ್ಟ್‌ವೇರ್ ಕೋಹಾ, ಅದರಡಿ ಹುಡುಕಾಟ ನಡೆಸುವ ಝೀಬ್ರಾ, 4 ಜಿಬಿ ರ‍್ಯಾಮ್‌ನ ಹಳೆಯ ಡೆಸ್ಕ್‌ಟಾಪೇ ಸರ್ವರ್. ಕೋಹಾ ಹಾಕುವುದು ಹೇಗೆ, ಮಾರ್ಕ್ ಟ್ಯಾಗ್ (ಪುಸ್ತಕದ ದಾಖಲೆಯಲ್ಲಿ ಶೀರ್ಷಿಕೆ, ವಿಷಯ ಇತ್ಯಾದಿ ಕೂರುವ ಅಂಕಿಯ ಖಾನೆ) ಎಂದರೇನು ಎಂಬುದು ನಿಮಗೆ ಗೊತ್ತು, ಅದಕ್ಕೆ ಕೈ ಹಾಕುವುದಿಲ್ಲ. ಇ-ಗ್ರಂಥಾಲಯ, ಸೋಲ್‌ನಂಥ ಬೇರೆ ಸಾಫ್ಟ್‌ವೇರ್ ಇಟ್ಟುಕೊಂಡವರಿಗೂ ತರ್ಕ ಇದೇ, ಫೈಲು ಇರುವ ಜಾಗ ಮಾತ್ರ ಬೇರೆ.

ಕೆಲಸ ಶುರುಮಾಡಿದಾಗ ಓಪ್ಯಾಕ್‌ನಲ್ಲಿ ನೂರು ಹುಡುಕಾಟ ನಡೆದರೆ ಸುಮಾರು ನಲವತ್ತಕ್ಕೆ ಏನೂ ಸಿಗುತ್ತಿರಲಿಲ್ಲ. ಈಗ ಹನ್ನೆರಡು–ಹದಿಮೂರಕ್ಕೆ ಇಳಿದಿದೆ. ಆ ನಲವತ್ತರಲ್ಲಿ ಹೆಚ್ಚಿನ ಪುಸ್ತಕಗಳು ರ‍್ಯಾಕ್‌ನಲ್ಲೇ ಇದ್ದವು. ಕ್ಯಾಟಲಾಗ್ ಬೇರೆ ಮಾತಾಡುತ್ತಿತ್ತು, ಹುಡುಗರು ಬೇರೆ ಮಾತಾಡುತ್ತಿದ್ದರು.

ದುಡ್ಡು ಹೋದ ದಾರಿಗಳು

ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್‌ಗೆ ಬೇಕೆಂದು ಎಲ್ಲರೂ ಬಳಕೆದಾರರ ಪ್ರಶ್ನಾವಳಿ ತುಂಬಿಸುತ್ತೇವೆ. ಸೇವೆ ಸುಧಾರಿಸಲು ಅದರಿಂದ ಕಾಸಿನ ಪ್ರಯೋಜನವಿಲ್ಲ. ನಿಮಗೆ ಯಾವ ಪುಸ್ತಕ ಬೇಕು ಎಂದರೆ ರೆಫರೆನ್ಸ್, ಜರ್ನಲ್, ವ್ಯಕ್ತಿತ್ವ ವಿಕಸನ ಎಂದು ಗುರುತು ಹಾಕುತ್ತಾರೆ, ಮೇಷ್ಟ್ರು ಮೆಚ್ಚುವ ಉತ್ತರ ಅದು. ಅದೇ ವಾರದ ಲಾಗ್ ತೆಗೆದರೆ ಮೊದಲ ಸ್ಥಾನದಲ್ಲಿ ಹಳೆಯ ಪ್ರಶ್ನೆಪತ್ರಿಕೆ, ಎರಡನೆಯದು ಜಿಕೆ, ಮೂರನೆಯದು ಸೆಮಿಸ್ಟರ್ ಹೆಸರು ಹಚ್ಚಿದ ನೋಟ್ಸ್. ಜರ್ನಲ್ ಮೊದಲ ನೂರರಲ್ಲೂ ಇಲ್ಲ.

ಟಚ್‌ಸ್ಕ್ರೀನ್ ಕಿಯಾಸ್ಕ್‌ಗೆ ಅರವತ್ತೈದು ಸಾವಿರದಷ್ಟು ಹೋಯಿತು. ನಿಂತುಕೊಂಡು ಪರದೆಯ ಮೇಲೆ ಕನ್ನಡ ಕುಟ್ಟುವವರು ಯಾರೂ ಇಲ್ಲ. ಜೇಬಿನಲ್ಲಿರುವ ಫೋನಿನಲ್ಲಿ ಬೆರಳು ತಾನೇ ಓಡುತ್ತದೆ. ಈಗ ಅದರಲ್ಲಿ ಹೊಸ ಪುಸ್ತಕಗಳ ಮುಖಪುಟ ಓಡುತ್ತಿರುತ್ತದೆ, ಅಷ್ಟಕ್ಕಾದರೂ ಬಂತು. ಮೊಬೈಲ್ ಆ್ಯಪ್ ಮಾಡಿಕೊಡುತ್ತೇವೆ ಎಂದ ಕಂಪನಿಯೊಂದು ಲಕ್ಷದ ಮೇಲೆ ಕೇಳಿ, ಮೇಲಿಂದ ವಾರ್ಷಿಕ ನಿರ್ವಹಣೆ ಬೇರೆ ಎಂದಿತು. ಆ ಆ್ಯಪ್ ಕೂಡ ಹುಡುಕುವುದು ಅದೇ ಕ್ಯಾಟಲಾಗ್‌ನಲ್ಲಿ. ಒಳಗಿನ ದಾಖಲೆ ಸರಿಯಿಲ್ಲದಿದ್ದರೆ ಬಾಗಿಲು ಬದಲಾಯಿಸಿ ಏನು ಉಪಯೋಗ?

ಇಷ್ಟೆಲ್ಲ ಆದ ಮೇಲೆ ಫಲ ಕೊಟ್ಟ ವಿಧಾನಕ್ಕೆ ಆದ ಖರ್ಚು: ದಾಖಲೆ ತಿದ್ದಲು ಇಬ್ಬರು ಹಳೆಯ ವಿದ್ಯಾರ್ಥಿಗಳಿಗೆ ಕೊಟ್ಟ ಹದಿನೆಂಟು–ಇಪ್ಪತ್ತು ಸಾವಿರ. ಸಾಫ್ಟ್‌ವೇರ್‌ಗೆ ಒಂದು ರೂಪಾಯಿಯೂ ಇಲ್ಲ.

ಲಾಗ್ ಎಲ್ಲಿಂದ ತೆಗೆಯಬೇಕು

ಕೋಹಾದಲ್ಲೇ ಹುಡುಕಾಟದ ಇತಿಹಾಸ ಇಡುವ ಟೇಬಲ್ ಒಂದಿದೆ. ಅದನ್ನು ನಂಬಿ ಕೂರಬೇಡಿ, ಲಾಗಿನ್ ಆಗಿ ಹುಡುಕಿದವರದ್ದು ಮಾತ್ರ ಅದರಲ್ಲಿ ಉಳಿಯುತ್ತದೆ. ನಮ್ಮಲ್ಲಿ ಲಾಗಿನ್ ಆಗಿ ಹುಡುಕುವವರು ಹತ್ತರಲ್ಲಿ ಒಬ್ಬರೂ ಇಲ್ಲ. ಬೇಕಾದ್ದು ವೆಬ್ ಸರ್ವರ್ ಅಪಾಚೆಯ ಓಪ್ಯಾಕ್ ಆಕ್ಸೆಸ್ ಲಾಗ್. ಲಾಗ್ ಫೋಲ್ಡರ್‌ನ ಕೋಹಾ ಡೈರೆಕ್ಟರಿಯಲ್ಲಿ ನಿಮ್ಮ ಇನ್‌ಸ್ಟೆನ್ಸ್ ಹೆಸರಿನಡಿ ಇರುತ್ತದೆ. ಲಾಗ್‌ರೊಟೇಟ್ ಹಳೆಯದನ್ನು ಅಳಿಸುತ್ತಾ ಹೋಗುತ್ತದೆ, ಹಾಗಾಗಿ ವಾರಕ್ಕೊಮ್ಮೆ ಬೇರೆ ಕಡೆ ನಕಲು ಮಾಡುವ ಕ್ರಾನ್ ಸಾಲನ್ನು (ನಿಗದಿತ ಹೊತ್ತಿಗೆ ತಾನೇ ಓಡುವ ಆಜ್ಞೆ) ಇವತ್ತೇ ಹಾಕಿಡಿ. ವಿಶ್ಲೇಷಣೆ ಆಮೇಲೆ ಮಾಡಿದರೂ ನಡೆಯುತ್ತದೆ, ಹೋದ ಲಾಗ್ ಮತ್ತೆ ಬರುವುದಿಲ್ಲ.

ಹುಡುಕಿದ ಪದ ಪುಟದ ವಿಳಾಸದೊಳಗಿನ ‘ಕ್ಯೂ’ (q) ಎಂಬ ಪ್ಯಾರಾಮೀಟರ್‌ನಲ್ಲಿರುತ್ತದೆ. ಕನ್ನಡದಲ್ಲಿ ಹುಡುಕಿದ್ದರೆ ಅಕ್ಷರಗಳು ಶೇಕಡಾ ಚಿಹ್ನೆಯ ಸಂಕೇತಗಳಾಗಿ ಕಾಣುತ್ತವೆ. ಕನ್ನಡದ ಯಾವ ಅಕ್ಷರವೇ ಆಗಲಿ, %E0%B2 ಅಥವಾ %E0%B3 ಎಂದೇ ಶುರು. ಆ ಗುರುತು ಹಿಡಿದು ಬೇರ್ಪಡಿಸಿದರೆ ಕನ್ನಡ ಲಿಪಿಯ ಹುಡುಕಾಟ ಒಂದು ರಾಶಿ, ಇಂಗ್ಲಿಷ್ ಲಿಪಿಯದು ಇನ್ನೊಂದು ರಾಶಿ. ನಮ್ಮಲ್ಲಿ ಇಂಗ್ಲಿಷ್ ಲಿಪಿಯದ್ದು ನಾಲ್ಕರಲ್ಲಿ ಮೂರು ಪಾಲು ಬಂತು. ಅದರಲ್ಲಿ ದೊಡ್ಡ ಭಾಗ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವೇ.

ರಾಶಿ ಮಾಡುವ ಮುನ್ನ ಬಾಟ್‌ಗಳನ್ನು (ತಾವಾಗಿಯೇ ಪುಟ ತೆರೆಯುವ ಪ್ರೋಗ್ರಾಂಗಳು) ತೆಗೆಯಿರಿ. ಕಚ್ಚಾ ಲಾಗ್‌ನಲ್ಲಿ ಅರ್ಧಕ್ಕೂ ಹೆಚ್ಚು ಸಾಲು ಮನುಷ್ಯರದ್ದಲ್ಲ. ಎಡಬದಿಯ ಫ್ಯಾಸೆಟ್ (ಫಲಿತಾಂಶ ಸೋಸುವ) ಲಿಂಕ್‌ಗಳನ್ನು ಒಂದಾದ ಮೇಲೊಂದು ಒತ್ತುತ್ತಾ ಹೋಗುವ ಕ್ರಾಲರ್‌ಗಳವು. ತಮ್ಮನ್ನು ಬಾಟ್ ಎಂದು ಹೇಳಿಕೊಳ್ಳುವವನ್ನು ಯೂಸರ್ ಏಜೆಂಟ್ (ಬ್ರೌಸರ್ ತನ್ನ ಹೆಸರು ಹೇಳುವ ಸಾಲು) ನೋಡಿ ತೆಗೆಯಬಹುದು. ಬ್ರೌಸರ್ ವೇಷದಲ್ಲಿ ಬರುವವನ್ನು ಹಿಡಿಯಲು, ಪುಟದ ಚಿತ್ರಗಳನ್ನೂ ಸ್ಟೈಲ್ ಫೈಲನ್ನೂ ಒಮ್ಮೆಯೂ ಕೇಳದ ಐಪಿ ವಿಳಾಸಗಳನ್ನು ಕೈಬಿಡಿ. ಮನುಷ್ಯ ಬ್ರೌಸರ್ ತೆರೆದರೆ ಮೊದಲ ಸಲವಾದರೂ ಅವು ಬಂದೇ ಬರುತ್ತವೆ. ಈ ಹಂತ ಬಿಟ್ಟರೆ ನಿಮ್ಮ ಲೈಬ್ರರಿಯಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ಅತಿ ಹೆಚ್ಚು ಓದುಗರು ಎಂಬ ವರದಿ ಬರುತ್ತದೆ. ಅಂಥ ವರದಿಯನ್ನು ನ್ಯಾಕ್ ಕಡತದಲ್ಲಿ ಹಾಕಿದವರನ್ನೂ ಬಲ್ಲೆ.

ಫಲಿತಾಂಶ ಎಷ್ಟು ಬಂತು ಎನ್ನುವುದು ಅಪಾಚೆ ಲಾಗ್‌ನಲ್ಲಿ ಇರುವುದಿಲ್ಲ. ಒಂದೇ ಫಲಿತಾಂಶ ಇದ್ದಾಗ ಕೋಹಾ ನೇರವಾಗಿ ಪುಸ್ತಕದ ಪುಟಕ್ಕೆ ಕಳಿಸುವಂತೆ ಇಟ್ಟಿದ್ದರೆ 302 ಸಂಕೇತ ಕಾಣುತ್ತದೆ, ಅಷ್ಟೇ ಸುಳಿವು. ಸೊನ್ನೆ ಬಂದವನ್ನು ತಿಳಿಯಲು ಎರಡು ದಾರಿ. ಒಂದು, ವೆಬ್ ಭೇಟಿಗಳ ಲೆಕ್ಕ ಇಡುವ ಮಟೋಮೊ ಹಾಕಿ ಓಪ್ಯಾಕ್‌ನ ಜಾವಾಸ್ಕ್ರಿಪ್ಟ್ ಪ್ರಿಫರೆನ್ಸ್‌ನಲ್ಲಿ (ಸೆಟ್ಟಿಂಗ್) ಅದರ ಕೋಡ್ ಸೇರಿಸಿ, ಪುಟದ ಮೇಲಿನ ಫಲಿತಾಂಶ ಸಂಖ್ಯೆಯನ್ನು ಅದಕ್ಕೆ ದಾಟಿಸುವುದು. ‘ಫಲಿತಾಂಶವಿಲ್ಲದ ಹುಡುಕಾಟಗಳು’ ಎಂಬ ವರದಿ ಅದರಲ್ಲೇ ತಯಾರಾಗಿರುತ್ತದೆ. ಎರಡು, ಲಾಗ್‌ನಿಂದ ತೆಗೆದ ಪದಗಳನ್ನು ರಾತ್ರಿ ಹೊತ್ತು ಒಂದೊಂದಾಗಿ ಓಪ್ಯಾಕ್‌ಗೇ ಮತ್ತೆ ಕೊಟ್ಟು ಸಂಖ್ಯೆ ಪಡೆಯುವುದು. ಆರ್‌ಎಸ್‌ಎಸ್ ಫೀಡ್ ರೂಪದಲ್ಲಿ ಕೇಳಿದರೆ ಒಟ್ಟು ಸಂಖ್ಯೆ ಒಂದೇ ಸಾಲಿನಲ್ಲಿ ಸಿಗುತ್ತದೆ. ನಾನು ಎರಡನೆಯದನ್ನೇ ಹಿಡಿದೆ, ಹಳೆಯ ಯಂತ್ರಕ್ಕೆ ಮಟೋಮೊ ಭಾರ. ಪ್ರತಿ ಕೋರಿಕೆಯ ನಡುವೆ ಒಂದೆರಡು ಸೆಕೆಂಡ್ ಬಿಡಿ. ಸ್ಕ್ರಿಪ್ಟ್‌ಗೆ ನಿಮ್ಮದೇ ಯೂಸರ್ ಏಜೆಂಟ್ ಹೆಸರು ಕೊಡಿ. ಇಲ್ಲವಾದರೆ ಮುಂದಿನ ವಾರದ ಲಾಗ್‌ನಲ್ಲಿ ನಿಮ್ಮ ಸ್ಕ್ರಿಪ್ಟೇ ಅತಿ ದೊಡ್ಡ ಓದುಗ.

ಸೊನ್ನೆ ಬರುವುದು ಯಾಕೆ

ಮೊದಲು ಲಿಪಿಯ ರಗಳೆ. ಇದು ಶುದ್ಧ ತಾಂತ್ರಿಕ, ಒಮ್ಮೆ ಸರಿಮಾಡಿದರೆ ಮುಗಿಯಿತು. ಝೀಬ್ರಾದ ಇಂಡೆಕ್ಸ್ (ಹುಡುಕಲು ಬಳಸುವ ಪದಸೂಚಿ) ಸಂರಚನೆ ಹಳೆಯ ಅಕ್ಷರ ನಕ್ಷೆಯಲ್ಲೇ ಇದ್ದರೆ ಕನ್ನಡ ಹುಡುಕಾಟ ನೆಟ್ಟಗೆ ಆಗುವುದಿಲ್ಲ. ಡಿಫಾಲ್ಟ್ ಇಂಡೆಕ್ಸ್ ಫೈಲ್‌ನಲ್ಲಿ ಅದರ ಬದಲು ಐಸಿಯು ಚೈನ್ (ಯೂನಿಕೋಡ್ ಪದಗಳನ್ನು ಹದಗೊಳಿಸುವ ನಿಯಮಗಳ ಸಾಲು) ಹಾಕಿ, ಐಸಿಯು ಪ್ರಿಫರೆನ್ಸ್ ಆನ್ ಮಾಡಿ, ಝೀಬ್ರಾ ಮರುಚಾಲನೆ ಮಾಡಿ ಪೂರ್ತಿ ಮರುಇಂಡೆಕ್ಸ್ ಮಾಡಬೇಕು. ಇದು ಬಹಳ ಮಂದಿ ಮಾಡಿರುತ್ತಾರೆ. ಮಾಡದೇ ಬಿಡುವುದು ಮುಂದಿನ ಮೂರು.

ಕಣ್ಣಿಗೆ ಕಾಣದ ಜೋಡಕ ಅಕ್ಷರಗಳು: ರಾಜ್‌ಕುಮಾರ್ ಎಂದು ಜ್ ಬಿಡಿಯಾಗಿ ಕಾಣಲು ನಡುವೆ ಒಂದು ಅದೃಶ್ಯ ಸಂಕೇತ ಕೂರುತ್ತದೆ. ದಾಖಲೆಯಲ್ಲಿ ಅದಿದ್ದು ಹುಡುಕುವವನು ಹಾಕದಿದ್ದರೆ ಎರಡೂ ಬೇರೆ ಪದ. ಐಸಿಯು ಚೈನ್‌ನಲ್ಲಿ ಇಂಥ ಎರಡು ಅದೃಶ್ಯ ಸಂಕೇತಗಳನ್ನು (ಯೂನಿಕೋಡ್ 200C, 200D) ತೆಗೆದುಹಾಕುವ ನಿಯಮ ಬರೆದರೆ ಸಾಕು. ಹುಡುಕುವ ಪದವೂ ಅದೇ ಚೈನ್ ಹಾದು ಬರುವುದರಿಂದ ಎರಡೂ ಕಡೆ ಒಟ್ಟಿಗೇ ಸಮನಾಗುತ್ತದೆ. ಇನ್ನೊಂದು, ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ. ‘ಸಂವಿಧಾನ’ ಎಂದು ಬರೆಯಬೇಕಾದಲ್ಲಿ ಸ ಪಕ್ಕ ಅಂಕಿ ಸೊನ್ನೆ ಕುಟ್ಟಿದ ದಾಖಲೆಗಳು ನಮ್ಮಲ್ಲಿ ನೂರಾರು ಇದ್ದವು, ಕಣ್ಣಿಗೆ ಒಂಚೂರೂ ವ್ಯತ್ಯಾಸ ಕಾಣದು. ಇದನ್ನೂ ಚೈನ್‌ನಲ್ಲೇ ಬದಲಿಸಬಹುದು. ೧೯೫೦ ಎಂಬ ಇಸವಿಯ ಕೊನೆಯ ಸೊನ್ನೆಯೂ ಅನುಸ್ವಾರವಾಗುತ್ತದೆ ಎಂದು ಹೆದರಬೇಡಿ, ಹುಡುಕುವಾಗಲೂ ಹಾಗೇ ಆಗುವುದರಿಂದ ಹೊಂದುತ್ತದೆ. ಮೂರನೆಯದು ನುಡಿ ಫಾಂಟ್‌ನ ಹಳೆಯ, ಯೂನಿಕೋಡ್ ಅಲ್ಲದ ದಾಖಲೆಗಳು. ಪರಿವರ್ತಕದಲ್ಲಿ ಹಾಕಿ ಹೊರತೆಗೆದರೆ ಅರ್ಕಾವತ್ತು, ಎರಡೆರಡು ಒತ್ತು ಇರುವ ಕಡೆ ಕೆಡುತ್ತದೆ. ‘ರಾಷ್ಟ್ರ’, ‘ಶಾಸ್ತ್ರ’, ‘ವರ್ಷ’ ಈ ಮೂರು ಪದ ಇರುವ ಶೀರ್ಷಿಕೆಗಳನ್ನು ಮೊದಲು ನೋಡಿ, ಅಲ್ಲಿ ಸರಿಯಿದ್ದರೆ ಉಳಿದದ್ದು ಹೆಚ್ಚುಕಡಿಮೆ ಸರಿ. ಟೈಪಿಸ್ಟ್ ದಾಖಲೆಗೆ ನಾಲ್ಕೈದು ರೂಪಾಯಿ ಕೇಳುತ್ತಾರೆ. ಪರಿವರ್ತಿಸಿ, ಕೆಟ್ಟವನ್ನು ಮಾತ್ರ ಕೈಯಿಂದ ತಿದ್ದಿಸಿದರೆ ಮೂರನೇ ಒಂದು ಪಾಲಿಗೆ ಮುಗಿಯುತ್ತದೆ.

ಎರಡನೇ ಕಾರಣ ಕನ್ನಡದ ಪ್ರತ್ಯಯಗಳು. ಕೋಹಾದಲ್ಲಿ ಪದದ ಕೊನೆಗೆ ತಾನಾಗಿ ನಕ್ಷತ್ರ ಚಿಹ್ನೆ (ಮುಂದೆ ಏನಿದ್ದರೂ ಸರಿ ಎಂಬ ಗುರುತು) ಸೇರಿಸುವ ಆಟೋ ಟ್ರಂಕೇಟ್ ಆನ್ ಮಾಡಿದರೆ ‘ಇತಿಹಾಸ’ ಎಂದಾಗ ‘ಇತಿಹಾಸದ’, ‘ಇತಿಹಾಸದಲ್ಲಿ’ ಎಲ್ಲ ಬರುತ್ತದೆ. ಇಷ್ಟಕ್ಕೇ ಖುಷಿಪಟ್ಟು ಬಿಟ್ಟವರೇ ಹೆಚ್ಚು. ಉಕಾರಾಂತ ಪದಗಳಲ್ಲಿ ಇದು ಕೈಕೊಡುತ್ತದೆ. ‘ಮಣ್ಣು’ ಎಂದು ಹುಡುಕಿದವನಿಗೆ ‘ಮಣ್ಣಿನ ಫಲವತ್ತತೆ’ ಸಿಗುವುದಿಲ್ಲ, ಯಾಕೆಂದರೆ ಪ್ರತ್ಯಯ ಬರುವಾಗ ಉಕಾರವೇ ಹೋಗಿ ಇಕಾರ ಬಂದಿರುತ್ತದೆ. ಕಾಡು–ಕಾಡಿನ, ಹೆಣ್ಣು–ಹೆಣ್ಣಿನ, ನಾಡು–ನಾಡಿನ, ಎಲ್ಲ ಇದೇ. ಉಲ್ಟಾ ದಿಕ್ಕಿನಲ್ಲೂ ತೊಂದರೆಯಿದೆ. ‘ಕಾದಂಬರಿಗಳು’ ಎಂದು ಹುಡುಕಿದರೆ ‘ಕಾದಂಬರಿ’ ಎಂದು ಮಾತ್ರ ಇರುವ ದಾಖಲೆ ಬರುವುದಿಲ್ಲ. ಹಾಗಾಗಿ ಹುಡುಕುವ ಪದದ ತುದಿಯ ಉಕಾರ ಕತ್ತರಿಸಿ, ‘ಗಳು’, ‘ಗಳ’, ‘ದಲ್ಲಿ’, ‘ಬಗ್ಗೆ’ ಇವನ್ನೂ ಕಳಚಿ ಎರಡನೇ ಸಲ ಹುಡುಕುವಂತೆ ಮಾಡಬೇಕು. ನಾಲ್ಕು ಅಕ್ಷರಕ್ಕಿಂತ ಚಿಕ್ಕ ಪದದಲ್ಲಿ ‘ದಲ್ಲಿ’, ‘ಗಳ’ ಕಳಚಬೇಡಿ, ‘ಜಗಳ’ ಬರೀ ‘ಜ’ ಆಗಿಬಿಡುತ್ತದೆ.

ಬಿಡಿಸಿ ಬರೆಯುವುದು, ಕೂಡಿಸಿ ಬರೆಯುವುದು ಬೇರೆ ಕಾಟ: ಅರ್ಥಶಾಸ್ತ್ರ, ಅರ್ಥ ಶಾಸ್ತ್ರ. ಇದಕ್ಕೆ ಉಪಾಯ ದಾಖಲೆಯಲ್ಲೇ ಎರಡೂ ರೂಪ ಇಡುವುದು.

ಮೂರನೇ ಕಾರಣ, ಗೂಗಲ್ ಕಲಿಸಿದ ಅಭ್ಯಾಸ. ಡ್ರಾಪ್‌ಡೌನ್‌ನಲ್ಲಿ ಲೇಖಕ, ಶೀರ್ಷಿಕೆ ಎಂದು ಆರಿಸುವವರು ಅಪರೂಪ. ಖಾಲಿ ಪೆಟ್ಟಿಗೆಗೆ ‘ರಾಜ್ಯಶಾಸ್ತ್ರ ನೋಟ್ಸ್ ಇನ್ ಕನ್ನಡ ಪಿಡಿಎಫ್ ಫ್ರೀ ಡೌನ್‌ಲೋಡ್’ ಎಂದು ಇಡೀ ಸಾಲು ಹಾಕುತ್ತಾರೆ. ಗೂಗಲ್ ಇದರಲ್ಲಿ ಬೇಡದ್ದನ್ನು ತಾನೇ ಬಿಡುತ್ತದೆ. ಕೋಹಾ ಎಲ್ಲ ಪದವೂ ದಾಖಲೆಯಲ್ಲಿ ಇರಬೇಕು ಎನ್ನುತ್ತದೆ. ‘ಫ್ರೀ’ ಎಂಬ ಪದ ಯಾವ ರಾಜ್ಯಶಾಸ್ತ್ರ ಪುಸ್ತಕದ ದಾಖಲೆಯಲ್ಲಿರುತ್ತದೆ? ಫೋನಿನ ಮೈಕ್‌ನಲ್ಲಿ ಹೇಳಿ ಹುಡುಕುವವರು ಹೆಚ್ಚಿದ ಮೇಲೆ ಇನ್ನೊಂದು ಜಾತಿ ಕಾಣುತ್ತಿದೆ: ‘ಕರ್ನಾಟಕ ಇತಿಹಾಸ ಪುಸ್ತಕ ಬೇಕು’, ‘ಭೂಗೋಳ ಬುಕ್ ಇದೆಯಾ’. ಕಾಗುಣಿತ ಮಾತ್ರ ಅಚ್ಚುಕಟ್ಟು. ಕೌಂಟರ್‌ನಲ್ಲಿ ಕೇಳಿದ ಹಾಗೆಯೇ ಕೇಳಿರುತ್ತಾರೆ.

ಇಂಥ ಪದಗಳ ಪಟ್ಟಿ ಮಾಡಿ ಜಾವಾಸ್ಕ್ರಿಪ್ಟ್‌ನಲ್ಲಿ ತೆಗೆಯುವುದು ಸುಲಭ. ಆದರೆ ಮೊದಲ ಸುತ್ತಿನಲ್ಲೇ ತೆಗೆದರೆ ಶೀರ್ಷಿಕೆಯಲ್ಲೇ ‘ಪುಸ್ತಕ’ ಎಂಬ ಪದವಿರುವ ಕೃತಿಗಳು ಹುಡುಕಲು ಸಿಗದಂತಾಗುತ್ತವೆ. ಬರೆದದ್ದನ್ನು ಬರೆದ ಹಾಗೆಯೇ ಮೊದಲು ಹುಡುಕಲಿ. ಸೊನ್ನೆ ಬಂದರೆ ಮಾತ್ರ ಕಳಚಿ ಮತ್ತೆ ಹುಡುಕಲಿ. ‘ಇನ್ ಕನ್ನಡ’ ಎಂಬುದನ್ನು ಮಾತ್ರ ಎಸೆಯಬೇಡಿ, ಅದನ್ನು ಭಾಷಾ ಮಿತಿಯಾಗಿ ಬದಲಾಯಿಸಿ. ದಾಖಲೆಯಲ್ಲಿ ಭಾಷಾ ಸಂಕೇತ ತುಂಬಿಲ್ಲದಿದ್ದರೆ ಇದು ಕೆಲಸ ಮಾಡದು, 008 ಟ್ಯಾಗ್‌ನ 35ರಿಂದ 37ನೇ ಸ್ಥಾನ ಮೊದಲು ನೋಡಿಕೊಳ್ಳಿ. ಡಿಫಾಲ್ಟ್ ಆಗಿ ಇಂಗ್ಲಿಷ್ ಕೂತಿರುವ ಕನ್ನಡ ಪುಸ್ತಕಗಳು ಎಲ್ಲ ಲೈಬ್ರರಿಯಲ್ಲೂ ಸಾವಿರಗಟ್ಟಲೆ ಇವೆ. ಡ್ಯೂಯಿ ವರ್ಗೀಕರಣದ (ಡಿಡಿಸಿ) ಸಂಖ್ಯೆ 894.814ರಿಂದ ಶುರುವಾಗುವವನ್ನು ಹಿಡಿದು ಕನ್ನಡ ಸಾಹಿತ್ಯವನ್ನೆಲ್ಲ ಒಂದೇ ಏಟಿಗೆ ತಿದ್ದಬಹುದು. ಉಳಿದದ್ದಕ್ಕೆ ಶೀರ್ಷಿಕೆಯ ಲಿಪಿಯೇ ಗುರುತು.

ಬಿದ್ದ ಪದ, ಗೆದ್ದ ಪದ

ಇಡೀ ಕೆಲಸದ ತಿರುಳು ಇದು. ಸೊನ್ನೆ ಬಂದವನು ಎಲ್ಲ ಸಲವೂ ಬಿಟ್ಟು ಹೋಗುವುದಿಲ್ಲ. ಎರಡು ಮೂರು ನಿಮಿಷದೊಳಗೆ ಪದ ಬದಲಿಸಿ ಮತ್ತೆ ಹುಡುಕುತ್ತಾನೆ. ಮೊದಲು ‘ಕಾಸ್ಟ್ ಅಕೌಂಟಿಂಗ್ ಕನ್ನಡ’, ಸೊನ್ನೆ. ಆಮೇಲೆ ‘ವೆಚ್ಚ ಲೆಕ್ಕ’, ಆರು ಪುಸ್ತಕ. ಬಿದ್ದ ಪದಕ್ಕೂ ಗೆದ್ದ ಪದಕ್ಕೂ ಅರ್ಥ ಒಂದೇ ಎಂದು ಆತನೇ ಬರೆದುಕೊಟ್ಟ ಹಾಗಾಯಿತು. ‘ಮೈಕ್ರೋ’ ಬಿದ್ದು ‘ಸೂಕ್ಷ್ಮ ಅರ್ಥಶಾಸ್ತ್ರ’ ಗೆದ್ದದ್ದು, ‘ಜಿಕೆ’ ಬಿದ್ದು ‘ಸಾಮಾನ್ಯ ಜ್ಞಾನ’ ಗೆದ್ದದ್ದು, ಹೀಗೆ ಜೋಡಿಗಳು ಸಾಲುಸಾಲಾಗಿ ಸಿಗುತ್ತವೆ. ಸಿದ್ಧ ವಿಷಯ ಶೀರ್ಷಿಕೆ ಪಟ್ಟಿಗಳಲ್ಲಿ ಇಂಥ ಕನ್ನಡ ಪರ್ಯಾಯಗಳು ಸಿಗುವುದು ಕಷ್ಟ.

ಜೋಡಿ ಹಿಡಿಯಲು ಐಪಿ ಒಂದೇ ಸಾಲದು. ಕಾಲೇಜು ವೈಫೈಯಲ್ಲಿ ಎಲ್ಲರ ಐಪಿ ಒಂದೇ. ಐಪಿ ಜೊತೆ ಬ್ರೌಸರ್‌ನ ಪೂರ್ತಿ ಸಾಲು ಸೇರಿಸಿ, ಮೂರು ನಿಮಿಷದ ಕಿಟಕಿ ಇಡಿ. ಹಾಸ್ಟೆಲ್‌ನಲ್ಲಿ ಒಂದೇ ಮಾದರಿಯ ಫೋನ್ ಹತ್ತು ಜನರ ಬಳಿ ಇರುತ್ತದೆ, ಆಗ ಒಬ್ಬನ ಬಿದ್ದ ಪದಕ್ಕೆ ಇನ್ನೊಬ್ಬನ ಗೆದ್ದ ಪದ ಅಂಟುತ್ತದೆ. ನಮ್ಮಲ್ಲಿ ‘ಯೋಗ’ಕ್ಕೆ ‘ಆದಾಯ ತೆರಿಗೆ’ ಜೋಡಿಯಾಗಿ ಬಂದಿತ್ತು. ಅದೇ ಜೋಡಿ ಕನಿಷ್ಠ ಮೂರು ಬೇರೆ ದಿನಗಳಲ್ಲಿ ಬಂದರೆ ಮಾತ್ರ ಒಪ್ಪಿಕೊಳ್ಳಿ, ಕಸ ತಾನೇ ಉದುರುತ್ತದೆ. ಇಷ್ಟು ಸೋಸಿದ ಮೇಲೆ ಒಂದು ಸೆಮಿಸ್ಟರ್‌ಗೆ ನನಗೆ ಉಳಿದದ್ದು ಮುನ್ನೂರರ ಆಸುಪಾಸು ಜೋಡಿ.

ಇವನ್ನು ದಾಖಲೆಗೆ ಸೇರಿಸುವ ಕ್ರಮ: ಶೀರ್ಷಿಕೆಯ ಬೇರೆ ರೂಪಗಳು 246ನೇ ಟ್ಯಾಗ್‌ಗೆ, ವಿಷಯದ ಪರ್ಯಾಯ ಪದಗಳು 653ಕ್ಕೆ. 650ಕ್ಕೆ ಕೈ ಹಚ್ಚಬೇಡಿ, ಅಥಾರಿಟಿ (ವಿಷಯ, ಲೇಖಕರ ಹೆಸರಿನ ಒಪ್ಪಿತ ರೂಪಗಳ ಪಟ್ಟಿ) ಕೆಡುತ್ತದೆ. ಮಾರ್ಕ್ ಮಾಡಿಫಿಕೇಷನ್ ಟೆಂಪ್ಲೇಟ್ (ಟ್ಯಾಗ್ ತಿದ್ದುವ ಅಚ್ಚು) ಮಾಡಿಕೊಂಡು ಬ್ಯಾಚ್‌ನಲ್ಲಿ ಓಡಿಸಿದರೆ ನೂರಿನ್ನೂರು ದಾಖಲೆ ಒಂದೇ ಸಲ ಮುಗಿಯುತ್ತದೆ. ಮಾರ್ಕ್‌ಎಡಿಟ್ ಎಂಬ ಬೇರೆ ಸಾಫ್ಟ್‌ವೇರ್‌ನಲ್ಲಿ ತಿದ್ದಿ ಮತ್ತೆ ಆಮದು ಮಾಡುವವರು 999 ಟ್ಯಾಗ್‌ನ ಬಿಬ್ಲಿಯೋ (ದಾಖಲೆಯ) ಸಂಖ್ಯೆಗೆ ಮ್ಯಾಚಿಂಗ್ ರೂಲ್ (ಹೊಂದಿಸುವ ನಿಯಮ) ಇಟ್ಟೇ ಮಾಡಬೇಕು, ಇಲ್ಲವಾದರೆ ಪ್ರತಿ ಪುಸ್ತಕಕ್ಕೂ ಎರಡೆರಡು ದಾಖಲೆ. 653 ಓಪ್ಯಾಕ್ ಪುಟದಲ್ಲಿ ಕಾಣದಂತೆ ಮಾಡಿ, ತಪ್ಪು ಕಾಗುಣಿತವನ್ನೆಲ್ಲ ಜಾಹೀರು ಮಾಡುವುದು ಬೇಡ. ಸೆಮಿಸ್ಟರ್ ಮತ್ತು ಪತ್ರಿಕೆಯ ಹೆಸರನ್ನು ಮಾತ್ರ ಎಂದೂ ಮಾರ್ಕ್‌ಗೆ ಸೇರಿಸಬೇಡಿ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂತು, 2024–25ಕ್ಕೆ ಮತ್ತೆ ಮೂರು ವರ್ಷದ ಪದವಿ, ರಾಜ್ಯ ಶಿಕ್ಷಣ ನೀತಿಯ (ಎಸ್‌ಇಪಿ) ಪಠ್ಯ. ‘ಮೂರನೇ ಸೆಮ್ ಹಿಸ್ಟರಿ’ ಎಂಬುದರ ಅರ್ಥವೇ ಬದಲಾಯಿತು. ಅಂಥವನ್ನು ಕೋಹಾದ ಲಿಸ್ಟ್‌ಗಳಲ್ಲಿಟ್ಟು, ಆ ಪದ ಹುಡುಕಿದವರನ್ನು ಲಿಸ್ಟ್‌ಗೆ ಕಳಿಸಿ. ಪಠ್ಯಕ್ರಮ ಬದಲಾದರೆ ಲಿಸ್ಟ್ ಅಳಿಸಿದರಾಯಿತು.

ಇಂಗ್ಲಿಷ್ ಅಕ್ಷರದ ಕನ್ನಡ ಇನ್ನೊಂದು ದೊಡ್ಡ ಗುಡ್ಡ. ‘ಇತಿಹಾಸ’ ಎಂಬ ಒಂದೇ ಪದ ತೆಗೆದುಕೊಳ್ಳಿ. ‘ತಿ’ಗೆ ಬರೀ ಟಿ ಹಾಕುವವರು, ಟಿ–ಎಚ್ ಹಾಕುವವರು. ‘ಹಾ’ಗೆ ಒಂದು ಎ, ಎರಡು ಎ. ಕೊನೆಯ ‘ಸ’ಕ್ಕೆ ಎ ಹಾಕುವವರು, ಹಾಕದವರು. ಎಂಟು ರೂಪ ಆಯಿತು. ಎಂಟನ್ನೂ ದಾಖಲೆಯಲ್ಲಿ ತುಂಬುವುದು ಹುಚ್ಚು. ಎರಡೂ ಕಡೆ ಒಂದೇ ಸಂಕ್ಷಿಪ್ತ ರೂಪಕ್ಕೆ ಇಳಿಸಬೇಕು: ವ್ಯಂಜನದ ಪಕ್ಕದ ಎಚ್ ಬಿಡು, ಜೋಡಿ ಅಕ್ಷರ ಒಂದಾಗಿಸು, ಕೊನೆಯ ಎ ಬಿಡು, ಡಬ್ಲ್ಯು ಮತ್ತು ವಿ ಒಂದೇ ಎಂದು ತಿಳಿ. ಕನ್ನಡ ಶೀರ್ಷಿಕೆಯನ್ನು ಯಂತ್ರದಿಂದ ಲಿಪ್ಯಂತರ ಮಾಡಿ, ಇದೇ ನಿಯಮ ಹಾಯಿಸಿ, ಬಂದ ಕೀಲಿಯನ್ನು 246ರಲ್ಲಿ ಇಟ್ಟೆ. ನನ್ನ ಬಳಿ ಇಂಥ ನಿಯಮ ಒಟ್ಟು ಇಪ್ಪತ್ತರ ಹತ್ತಿರ ಇವೆ. ಯಾವುದರ ನಂತರ ಯಾವುದು ಎಂಬ ಅನುಕ್ರಮದಲ್ಲೇ ಮುಕ್ಕಾಲು ಪಾಲು ಗುಟ್ಟು ಇರುವುದು. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಉತ್ತರ ಕರ್ನಾಟಕದ ಹುಡುಗರ ಟೈಪಿಂಗ್ ಬೇರೆ, ಕರಾವಳಿಯವರದ್ದು ಬೇರೆ. ನಿಮ್ಮ ಲಾಗ್ ನೋಡಿ ನೀವೇ ಕಟ್ಟಿಕೊಂಡರೆ ನನ್ನದಕ್ಕಿಂತ ಚೆನ್ನಾಗಿಯೇ ಆಗುತ್ತದೆ.

ಕನ್ನಡ ಲಿಪಿಯಲ್ಲೂ ಹೀಗೆ ಒಂದೇ ರೂಪಕ್ಕೆ ಇಳಿಸಿ ನೋಡಿದ್ದುಂಟು: ಮಹಾಪ್ರಾಣ ಅಲ್ಪಪ್ರಾಣವಾಗಿಸಿ, ಷ ಶ ಒಂದಾಗಿಸಿ, ಳ ಲ ಒಂದಾಗಿಸಿ, ದೀರ್ಘ ಹ್ರಸ್ವವಾಗಿಸಿ. ‘ಬೂಗೋಳ’ ಎಂದು ಬರೆದವನಿಗೂ ಭೂಗೋಳ ಸಿಕ್ಕಿತು. ಅದರ ಹಿಂದೆಯೇ ‘ಬಾಳೆ’ ಹುಡುಕಿದವನಿಗೆ ಬಲೆ, ‘ಕಾಲ’ ಹುಡುಕಿದವನಿಗೆ ಕಳ, ಕಲೆಯ ಪುಸ್ತಕಗಳೂ ಬಂದವು. ಈಗ ಮೂರನೇ ಸುತ್ತಿಗೆ, ಬೇರೇನೂ ಸಿಗದಾಗ ಮಾತ್ರ ಅದನ್ನು ಓಡಿಸುತ್ತೇನೆ.

ಲಾಗ್ ನೋಡಿ ಬದಲಾಯಿಸಿದ ಸೇವೆಗಳು

ಹಳೆಯ ಪ್ರಶ್ನೆಪತ್ರಿಕೆ ಮೊದಲ ಸ್ಥಾನದಲ್ಲಿತ್ತಲ್ಲ, ಅವು ಬೈಂಡ್ ಆಗಿ ಬೀರುವಿನಲ್ಲಿದ್ದವು. 200 ಡಿಪಿಐ ಗ್ರೇಸ್ಕೇಲ್‌ನಲ್ಲಿ ಸ್ಕ್ಯಾನ್ ಮಾಡಿದರೆ ಪುಟ ಓದಲು ಸಾಕು, ಫೋನಿನಲ್ಲಿ ತೆರೆಯಲೂ ಹಗುರ. ಪ್ರತಿ ಪತ್ರಿಕೆಗೂ ಚಿಕ್ಕದೊಂದು ದಾಖಲೆ, 856ರಲ್ಲಿ ಫೈಲಿನ ಲಿಂಕ್. ಶೀರ್ಷಿಕೆಯಲ್ಲಿ ವಿಷಯದ ಕನ್ನಡ ಹೆಸರು, ಇಂಗ್ಲಿಷ್ ಹೆಸರು, ವರ್ಷ ಮೂರೂ ಇರಲಿ. ಓಪ್ಯಾಕ್ ಬಳಕೆ ಏರಿದ್ದು ಇದೊಂದರಿಂದಲೇ, ಪರೀಕ್ಷೆ ತಿಂಗಳಲ್ಲಿ ಮೊದಲಿನ ಮೂರು ಪಟ್ಟು. ಹುಡುಗರು ಓಪ್ಯಾಕ್ ಮುಟ್ಟುವುದಿಲ್ಲ ಎಂಬ ಮಾತಿಗೆ ಉತ್ತರ ಅಲ್ಲೇ ಸಿಕ್ಕಿತು.

ಕಾಲೇಜುಗಳಿಗೆ ಇ-ಪುಸ್ತಕ, ಇ-ಜರ್ನಲ್ ಒದಗಿಸುವ ಎನ್-ಲಿಸ್ಟ್‌ಗೆ ವರ್ಷಕ್ಕೆ ಐದಾರು ಸಾವಿರ ಕಟ್ಟುತ್ತೇವೆ, ತೆರೆಯುವವರಿರಲಿಲ್ಲ. ‘ಎನ್-ಲಿಸ್ಟ್’ ಎಂಬ ಪದ ಲಾಗ್‌ನಲ್ಲಿ ಒಮ್ಮೆಯೂ ಇರಲಿಲ್ಲ. ‘ಪಿಡಿಎಫ್ ಫ್ರೀ’ ಪ್ರತಿದಿನ ಇತ್ತು. ಲಿಂಕಿನ ಮೇಲಿನ ಹೆಸರನ್ನು ‘ಉಚಿತ ಇ-ಪುಸ್ತಕ, ಪಿಡಿಎಫ್’ ಎಂದು ಬದಲಿಸಿ, ‘ಪಿಡಿಎಫ್’ ಇರುವ ಹುಡುಕಾಟ ಸೊನ್ನೆಯಾದಾಗ ಅದೇ ಲಿಂಕನ್ನೂ ಎನ್‌ಡಿಎಲ್‌ಐ (ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ) ಲಿಂಕನ್ನೂ ತೋರಿಸಿದ ಮೇಲೆ ಲಾಗಿನ್ ಐಡಿ ಕೇಳಿಕೊಂಡು ಕೌಂಟರ್‌ಗೆ ಬರತೊಡಗಿದರು. ರ‍್ಯಾಕ್ ಫಲಕಗಳಿಗೂ ಇದೇ ನ್ಯಾಯ: ‘ಸ್ಪರ್ಧಾತ್ಮಕ ಪರೀಕ್ಷೆ’ಯ ಕೆಳಗೆ ‘ಕೆಎಎಸ್, ಪಿಡಿಒ, ಎಫ್‌ಡಿಎ, ಜಿಕೆ’ ಎಂದು ದಪ್ಪಕ್ಷರದಲ್ಲಿ ಬರೆಸಿ.

ಕೊಳ್ಳುವ ಪಟ್ಟಿಗೂ ಲಾಗನ್ನೇ ಆಧಾರ ಮಾಡಿದ್ದೇನೆ. ಒಂದೇ ತಿಂಗಳಲ್ಲಿ ಐದಾರು ಬೇರೆ ಬೇರೆ ಫೋನ್‌ಗಳಿಂದ ಹುಡುಕಿ ಸೊನ್ನೆ ಬಂದದ್ದು, ನಿಜವಾಗಿಯೂ ನಮ್ಮಲ್ಲಿ ಇಲ್ಲದ್ದು, ನೇರವಾಗಿ ಪಟ್ಟಿಗೆ ಹೋಗುತ್ತದೆ. ಕೋಹಾದ ‘ಫಲಿತಾಂಶ ಸಿಗಲಿಲ್ಲ’ ಪುಟಕ್ಕೆ ಬೇಕಾದ ಎಚ್‌ಟಿಎಂಎಲ್ ಹಾಕಲು ಪ್ರಿಫರೆನ್ಸ್ ಇದೆ, ಹುಡುಕಿದ ಪದವನ್ನೂ ಅದರೊಳಗೆ ಎಳೆದುಕೊಳ್ಳಬಹುದು. ಅಲ್ಲಿ ‘ಈ ಪುಸ್ತಕ ತರಿಸಬೇಕೇ?’ ಎಂಬ ಒಂದು ಗುಂಡಿ ಇಟ್ಟಿದ್ದೇನೆ. ಉದ್ದನೆಯ ಫಾರಂ ಕೊಟ್ಟರೆ ಯಾರೂ ತುಂಬುವುದಿಲ್ಲ, ಒಂದೇ ಒತ್ತು ಇರಲಿ. ಹೀಗೆ ತರಿಸಿದ ಪುಸ್ತಕಗಳಲ್ಲಿ ಹತ್ತಕ್ಕೆ ಏಳೆಂಟು ಮೊದಲ ಸೆಮಿಸ್ಟರ್‌ನಲ್ಲೇ ಇಶ್ಯೂ ಆಗುತ್ತವೆ. ವಿಭಾಗಗಳು ಕೊಡುವ ಪಟ್ಟಿಯದ್ದು ಹತ್ತಕ್ಕೆ ಮೂರು. ಈ ಎರಡು ಅಂಕಿ ಪ್ರಾಂಶುಪಾಲರ ಮುಂದೆ ಇಟ್ಟ ಮೇಲೆ ಬಜೆಟ್‌ನ ಕಾಲು ಭಾಗವನ್ನು ಲಾಗ್ ಪಟ್ಟಿಗೆ ಬಿಡಿಸಿಕೊಳ್ಳಲು ಕಷ್ಟವಾಗಲಿಲ್ಲ.

ಹೊರಗಿನ ಹುಡುಕಾಟವನ್ನೂ ನೋಡಬೇಕು. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಓಪ್ಯಾಕ್ ವಿಳಾಸ ನೋಂದಾಯಿಸಿದರೆ ಗೂಗಲ್‌ನಲ್ಲಿ ಏನು ಹುಡುಕಿದವರಿಗೆ ನಿಮ್ಮ ಪುಟ ಕಂಡಿತು ಎಂಬುದು 16 ತಿಂಗಳವರೆಗಿನದ್ದು ಸಿಗುತ್ತದೆ, ತೀರಾ ವಿರಳ ಪದಗಳನ್ನು ಮಾತ್ರ ಅದು ಮುಚ್ಚಿಡುತ್ತದೆ. ನಮಗೆ ಅಲ್ಲಿ ಸಿಕ್ಕ ದೊಡ್ಡ ಸುದ್ದಿ ಸಮಯದ್ದು: ಲೈಬ್ರರಿ ಎಷ್ಟು ಗಂಟೆಗೆ ತೆರೆಯುತ್ತೆ, ಭಾನುವಾರ ಇದೆಯಾ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಸಮಯ, ರಜೆ ತಿದ್ದಲು ಹತ್ತು ನಿಮಿಷ ಸಾಕು. ಆಫೀಸಿನ ಫೋನಿಗೆ ಬರುತ್ತಿದ್ದ ಕರೆ ಅರ್ಧಕ್ಕೆ ಇಳಿಯಿತು.

ಗೂಗಲ್ ಟ್ರೆಂಡ್ಸ್‌ಗೆ ಕರ್ನಾಟಕ ಆರಿಸಿ ಪಿಡಿಒ, ಎಫ್‌ಡಿಎ, ಪಿಎಸ್‌ಐ, ಕೆ-ಸೆಟ್ ಹೀಗೆ ಪರೀಕ್ಷೆಗಳ ಐದು ಪದ ಒಟ್ಟಿಗೆ ಹಾಕಬಹುದು. ಅದು ಕೊಡುವುದು ಸಂಖ್ಯೆಯಲ್ಲ, ಅತಿ ಎತ್ತರದ ಬಿಂದುವನ್ನು ನೂರು ಎಂದಿಟ್ಟುಕೊಂಡ ಅನುಪಾತ. ಊರಿನ ಮಟ್ಟಕ್ಕೆ ಇಳಿಸಿದರೆ ಬರೀ ಸೊನ್ನೆ, ಹಾಗಾಗಿ ಜಿಲ್ಲೆಯ ಲೆಕ್ಕಕ್ಕೆ ಬಳಸಬೇಡಿ. ಅಧಿಸೂಚನೆ ಬಂದಾಗ ಒಂದು ಏರು, ಹಾಲ್ ಟಿಕೆಟ್‌ಗೆ ಒಂದು, ಫಲಿತಾಂಶಕ್ಕೆ ಒಂದು. ಪುಸ್ತಕ ಬೇಕಾದ್ದು ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ. ಕೊಟೇಷನ್ ಕರೆದು, ಬಿಲ್ ಪಾಸಾಗಿ, ಅಕ್ಸೆಷನ್ (ದಾಖಲಾತಿ) ಆಗಿ ರ‍್ಯಾಕ್‌ಗೆ ಬರಲು ಆರೇಳು ವಾರ ಬೇಕು. ಅಧಿಸೂಚನೆಯ ವಾರದಲ್ಲೇ ಪಟ್ಟಿ ಹೊರಟರೆ ಹುಡುಗರ ಕೈಗೆ ಸಿಗುತ್ತದೆ, ಅವರು ಕೌಂಟರ್‌ಗೆ ಬಂದು ಕೇಳುವ ಹೊತ್ತಿಗೆ ಹೊರಟರೆ ಮುಂದಿನ ಬ್ಯಾಚ್‌ಗೆ.

ವಾಟ್ಸ್‌ಆ್ಯಪ್ ಬಾಟ್ ಒಂದನ್ನೂ ಮಾಡಿ ನೋಡಿದ್ದಾಯಿತು. ಹುಡುಗರು ಅದಕ್ಕೆ ಹಾಯ್, ಗುಡ್ ಮಾರ್ನಿಂಗ್ ಕಳಿಸಿದರು, ಪುಸ್ತಕದ ಹೆಸರು ಕಳಿಸಿದವರು ಕಡಿಮೆ. ಕೈಬಿಟ್ಟೆ. ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಅತಿ ಹೆಚ್ಚು ಹುಡುಕಾಟ ಎಂದು ಗೊತ್ತಾದ ಮೇಲೆ ರಿಸರ್ವೇಷನ್ ಸೌಲಭ್ಯ ತೆರೆದು, ರಾತ್ರಿ ಕಾದಿರಿಸಿದ್ದನ್ನು ಬೆಳಿಗ್ಗೆ ಹತ್ತಕ್ಕೆ ಕೌಂಟರ್‌ನಲ್ಲಿ ತೆಗೆದಿಡುವುದು ಮಾತ್ರ ಚೆನ್ನಾಗಿ ನಡೆದಿದೆ.

ಲಾಗ್ ಇಡುವವರು ಒಂದು ಎಚ್ಚರ ವಹಿಸಲೇಬೇಕು. 2006ರಲ್ಲಿ ಎಒಎಲ್ ಎಂಬ ಅಮೆರಿಕದ ಇಂಟರ್ನೆಟ್ ಕಂಪನಿ ಸುಮಾರು ಆರೂವರೆ ಲಕ್ಷ ಬಳಕೆದಾರರ ಹುಡುಕಾಟಗಳನ್ನು ಹೆಸರು ತೆಗೆದು ಪ್ರಕಟಿಸಿತ್ತು. ಪದಗಳನ್ನು ಓದಿಯೇ ಪತ್ರಕರ್ತರು ಒಬ್ಬ ವೃದ್ಧೆಯ ಮನೆ ಪತ್ತೆ ಮಾಡಿದರು. ಐನೂರೋ ಸಾವಿರವೋ ಹುಡುಗರಿರುವ ಕಾಲೇಜಿನಲ್ಲಿ ಇದು ಇನ್ನೂ ಸುಲಭ. ಖಿನ್ನತೆ, ಗರ್ಭ, ಸಾಲ, ಜಾತಿ, ಇಂಥ ಪದಗಳೂ ಲಾಗ್‌ನಲ್ಲಿ ಬರುತ್ತವೆ. ಜೋಡಿ ತೆಗೆದ ದಿನವೇ ಐಪಿ, ಬ್ರೌಸರ್ ಸಾಲು ಎರಡನ್ನೂ ಅಳಿಸಿ, ಪದ ಮತ್ತು ವಾರ ಮಾತ್ರ ಉಳಿಸಿ. ಮೂರು ಸಲಕ್ಕಿಂತ ಕಡಿಮೆ ಬಂದ ಪದ ವರದಿಯಲ್ಲಿ ಕಾಣಬಾರದು. ‘ಇದನ್ನು ಹುಡುಕಿದ್ದು ಯಾರು ತೆಗೆದುಕೊಡಿ’ ಎಂದು ಮೇಲಿನವರು ಕೇಳುವ ದಿನ ಬಂದೇ ಬರುತ್ತದೆ. ತೆಗೆದುಕೊಡಲು ನಮ್ಮ ಬಳಿ ಏನೂ ಇರಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೈಯಲ್ಲಿದ್ದರೆ ಉತ್ತರ ಕೊಡಲು ಧೈರ್ಯ.

ಈಗ ವಾರದ ಕೆಲಸ ಶನಿವಾರ ಮಧ್ಯಾಹ್ನ ಒಂದು ಗಂಟೆಯಷ್ಟು: ಹೊಸ ಸೊನ್ನೆಗಳು, ಹೊಸ ಜೋಡಿಗಳು, 653ಕ್ಕೆ ಸೇರ್ಪಡೆ, ರಾತ್ರಿ ಮರುಇಂಡೆಕ್ಸ್. ಪಟ್ಟಿಯಲ್ಲಿ ಇನ್ನೂ ಬಗ್ಗದೆ ಉಳಿದಿರುವುದು ಲೇಖಕರ ಇನಿಷಿಯಲ್‌ಗಳು, ಚುಕ್ಕಿ ಇಟ್ಟು, ಇಡದೆ, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ. ಅಥಾರಿಟಿ ದಾಖಲೆಯ 400ರಲ್ಲಿ ಎಲ್ಲ ರೂಪ ಹಾಕುತ್ತಿದ್ದೇನೆ, ನೂರೈವತ್ತು ಲೇಖಕರವರೆಗೆ ಮುಗಿದಿದೆ. ಇದಕ್ಕೆ ಸುಲಭದ ದಾರಿ ಕಂಡುಕೊಂಡವರಿದ್ದರೆ ನನ್ನ ಅನುಕ್ರಮದ ಗುಟ್ಟಿಗೆ ಬದಲಾಗಿ ಕೊಡಿ.